ಡಬ್ಬ ತಂದಾಯ್ತು, ಸೌಂಡ್ ಎಲ್ಲೋಯ್ತು?

ಹೋದ ಸಂಚಿಕೇಲಿ ಮನೇಲೇ ಹಾಡು ರೆಕಾರ್ಡ್ ಮಾಡೋದರ ಬಗ್ಗೆ ಸುಮ್ನೆ ಎರಡು ಸಾಲು ಬರೆದಿದ್ದೆ, ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅದೇ. ಹಂಗಾಗಿ ಬೇರೆ ಎಲ್ಲಾ ಬದಿಗಿಟ್ಟು ಈ ತಿಂಗಳು ಬರೀ ಆಡಿಯೋ ಇಂಟರ್ಫೇಸ್, ಅಂದ್ರೆ ಮೈಕಿನ ದನೀನ ಕಂಪ್ಯೂಟರಿಗೆ ತಲುಪಿಸೋ ಡಬ್ಬ. ಮೊದಲನೇ ಪತ್ರದ ಉತ್ತರ ಉದ್ದ ಆಯ್ತು, ಉಳಿದೋರು ಬೇಜಾರು ಮಾಡ್ಕೋಬೇಡಿ, ನಿಮ್ಮ ಅರ್ಧ ಉತ್ತರ ಅದರಲ್ಲೇ ಇದೆ.

ಪ್ರಶ್ನೆ: ಅಣ್ಣಾ ನಮಸ್ತೆ. ನಮ್ಮಜ್ಜಿಗೆ 81 ವರ್ಷ, ಸೋಬಾನೆ ಹಾಡು ಇನ್ನೂ ರಾಶಿ ನೆನಪಿದೆ. ಅದನ್ನೆಲ್ಲ ರೆಕಾರ್ಡ್ ಮಾಡಿ ಇಡೋಣ ಅಂತ ಎರಡು ಇನ್‌ಪುಟ್ಟಿನ ಇಂಟರ್ಫೇಸ್, ಒಂದು ಕಂಡೆನ್ಸರ್ ಮೈಕು, ಕೇಬಲ್ಲು ಎಲ್ಲ ಆನ್‌ಲೈನಲ್ಲಿ ತರಿಸ್ದೆ. ಲ್ಯಾಪ್‌ಟಾಪಿಗೆ ಹಾಕಿದ್ರೆ ಲೈಟ್ ಹತ್ತುತ್ತೆ, ಸೌಂಡ್ ಬರಲ್ಲ. ಒಂದ್ಸಲ ಬಂತು, ಅದೂ ಎಡಗಿವಿಗೆ ಮಾತ್ರ. ಈಗ ನೋಡಿದ್ರೆ ಲ್ಯಾಪ್‌ಟಾಪಿನ ಸ್ವಂತ ಸ್ಪೀಕರಲ್ಲೂ ಸೌಂಡಿಲ್ಲ. ಹಾಳಾಯ್ತಾ ಎಂತ?
(ಓದುಗರು, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಎಂತದೂ ಹಾಳಾಗಿಲ್ಲ ತಂಗಿ. ನಿಮ್ಮ ಕಡೆ ಮನೆಗೆ ಗುಡ್ಡದಿಂದ ಅಬ್ಬಿ ನೀರು ಬರುತ್ತಲ್ಲ, ಬೆಳಿಗ್ಗೆ ನೀರು ನಿಂತ್ರೆ ಯಾರಾದ್ರೂ ಅಡುಗೆಮನೆ ನಲ್ಲಿ ಬಿಚ್ಚಿಕೊಂಡು ಕೂರ್ತಾರಾ? ಕತ್ತಿ ಹಿಡ್ಕೊಂಡು ಪೈಪ್ ಗುಂಟ ಮೇಲಕ್ಕೆ ಹತ್ತುತಾರೆ, ಎಲ್ಲಿ ತರಗೆಲೆ ಕಟ್ಟಿದೆ, ಎಲ್ಲಿ ಜಾಯಿಂಟ್ ಬಿಟ್ಟಿದೆ ಅಂತ ನೋಡ್ತಾ. ಇಲ್ಲೂ ಹಂಗೇ. ಅಜ್ಜಿ ದನಿ ಮೈಕು, ಕೇಬಲ್ಲು, ಗೇನ್ ಗುಂಡಿ, ಯುಎಸ್‌ಬಿ, ಡ್ರೈವರ್, ರೆಕಾರ್ಡಿಂಗ್ ಸಾಫ್ಟ್‌ವೇರ್, ಹೆಡ್‌ಫೋನು ಅಂತ ಏಳು ಕಡೆ ದಾಟಿ ನಿಮ್ಮ ಕಿವಿಗೆ ಬರಬೇಕು. ಎಲ್ಲಾ ಗುಂಡಿನೂ ಒಟ್ಟಿಗೆ ತಿರುಗಿಸೋದು ಬಿಟ್ಟು ಒಂದೊಂದೇ ಜಾಗ ನೋಡ್ತಾ ಬನ್ನಿ.

ಮೊದಲು ಮೈಕು. ಕಂಡೆನ್ಸರ್ ಮೈಕು ತಾನಾಗೇ ಕೆಲಸ ಮಾಡಲ್ಲ, ಅದಕ್ಕೆ 48 ವೋಲ್ಟ್ ಕರೆಂಟ್ ಕೊಡಬೇಕು, ಫ್ಯಾಂಟಮ್ ಪವರ್ ಅಂತಾರೆ, ಇಂಟರ್ಫೇಸ್ ಮುಖದ ಮೇಲೋ ಹಿಂದೋ 48 ಅಂತ ಬರೆದಿರೋ ಬಟನ್ ಇದ್ದೇ ಇರುತ್ತೆ, ನೀವು ಅದನ್ನ ಒತ್ತಿಲ್ಲ ಅಂತ ನನಗೆ ನೂರಕ್ಕೆ ತೊಂಬತ್ತು ಅನುಮಾನ. ಒತ್ತೋ ಮುಂಚೆ ಗೇನ್ ಪೂರ್ತಿ ಇಳಿಸಿ, ಹೆಡ್‌ಫೋನ್ ವಾಲ್ಯೂಮ್ ಕೂಡ ಇಳಿಸಿ, ಇಲ್ಲಾಂದ್ರೆ ಕಿವಿಯೊಳಗೆ ಧಡ್ ಅಂತ ಬಡಿಯುತ್ತೆ. ಒತ್ತಿ ಒಂದ್ಹತ್ತು ಸೆಕೆಂಡ್ ಸುಮ್ನಿರಿ, ಮೈಕಿಗೆ ಚಾರ್ಜ್ ತುಂಬಲಿ. ಈ ಕರೆಂಟು ಹೋಗೋದು ಅದೇ ಎಕ್ಸ್‌ಎಲ್‌ಆರ್ ಕೇಬಲ್ಲಲ್ಲೇ, ಎರಡೂ ಕಡೆ ಮೂರು ಪಿನ್ನಿರೋದು. ಕೆಲವು ಅಗ್ಗದ ಮೈಕಿನ ಜೊತೆ ಒಂದು ಕಡೆ ಎಕ್ಸ್‌ಎಲ್‌ಆರ್, ಇನ್ನೊಂದು ಕಡೆ ಮೊಬೈಲ್ ಇಯರ್‌ಫೋನ್ ಥರ ಸಣ್ಣ ಪಿನ್ನಿರೋ ಕೇಬಲ್ ಕೊಡ್ತಾರೆ, ಅದನ್ನ ಎತ್ತಿ ಅಟ್ಟಕ್ಕೆ ಹಾಕಿ, ಅದರಲ್ಲಿ 48 ವೋಲ್ಟ್ ಹೋಗಲ್ಲ. ಸಭೆ ಸಮಾರಂಭದಲ್ಲಿ ಕೈಲಿ ಹಿಡ್ಕೊಂಡು ಮಾತಾಡೋ ಡೈನಮಿಕ್ ಮೈಕಿಗೆ ಈ ಬಟನ್ ಬೇಡ.

ಆಮೇಲೆ ಗೇನ್. ನನ್ನ ಕೇಳಿದ್ರೆ ಇಡೀ ಡಬ್ಬದಲ್ಲಿ ಕಲಿಯಬೇಕಾದ ಗುಂಡಿ ಇದೊಂದೇ. ಮೈಕಿಂದ ಬರೋ ಸಿಗ್ನಲ್ ಸೊಳ್ಳೆ ದನಿಯಷ್ಟು ಸಣ್ಣದು, ಅದನ್ನ ದೊಡ್ಡದು ಮಾಡೋದು ಗೇನ್. ಸಾಫ್ಟ್‌ವೇರಲ್ಲಿ ಮೀಟರ್ ನೋಡಿ, 0 ಅಂದ್ರೆ ಸೂರು, ತಲೆ ಅದಕ್ಕೆ ತಾಗಿದ್ರೆ ದನಿ ಒಡೆಯುತ್ತೆ, ಒಡೆದಿದ್ದನ್ನ ಆಮೇಲೆ ಯಾರಿಂದಲೂ ಸರಿಯಾಗಿ ಕೂಡಿಸಕ್ಕಾಗಲ್ಲ. ಅಜ್ಜಿ ಜೋರಾಗಿ ಎತ್ತಿ ಹಾಡೋ ಜಾಗದಲ್ಲಿ ಮೀಟರ್ ಮೈನಸ್ 12 ಹತ್ರ ಬಂದ್ರೆ ಸಾಕೇ ಸಾಕು. ಹಲೋ ಹಲೋ ಅನ್ನಿಸಿ ಗೇನ್ ಇಡಬೇಡಿ, ಒಂದು ಪೂರ್ತಿ ಹಾಡು ಹಾಡ್ಸಿ, ಯಾಕಂದ್ರೆ ಮೂರನೇ ನುಡಿಗೆ ಬರೋ ಹೊತ್ತಿಗೆ ಅಜ್ಜಿಗೆ ಹುರುಪು ಬಂದಿರುತ್ತೆ, ದನಿ ದುಪ್ಪಟ್ಟಾಗಿರುತ್ತೆ. ಕಮ್ಮಿ ಆಯ್ತೇನೋ ಅಂತ ಹೆದರೋದು ಬೇಡ, ರೆಕಾರ್ಡಿಂಗ್ 24 ಬಿಟ್ಟಲ್ಲಿ ಇಟ್ಕೊಳ್ಳಿ, ಲೆಕ್ಕದ ಪ್ರಕಾರ ಅದರಲ್ಲಿ ತೀರಾ ಸಣ್ಣ ದನಿಯಿಂದ ದೊಡ್ಡ ದನಿ ತನಕ 144 ಡೆಸಿಬೆಲ್ ಜಾಗ ಇದೆ, ಸಿಡಿಯ 16 ಬಿಟ್ಟಲ್ಲಿ 96. ಆಮೇಲೆ ಸಾಫ್ಟ್‌ವೇರಲ್ಲಿ ಏರಿಸ್ಕೊಂಡ್ರಾಯ್ತು.

ಯುಎಸ್‌ಬಿ ಕೇಬಲ್ಲನ್ನ ಹಬ್ ಅನ್ನೋ ಹಲವು ತೂತಿನ ಡಬ್ಬಿಗೆ ಹಾಕದೆ ನೇರ ಲ್ಯಾಪ್‌ಟಾಪಿಗೇ ಹಾಕಿ. ಡಬ್ಬದ ಜೊತೆ ಬಂದ ಕೇಬಲ್ಲನ್ನೇ ಹಾಕಿ, ಮೊಬೈಲ್ ಚಾರ್ಜರಿನ ಕೆಲವು ಕೇಬಲ್ಲಲ್ಲಿ ಬರೀ ಕರೆಂಟ್ ಹೋಗುತ್ತೆ, ಲೈಟ್ ಹತ್ತುತ್ತೆ, ಕಂಪ್ಯೂಟರಿಗೆ ಮಾತ್ರ ಏನೂ ಕಾಣಲ್ಲ. ವಿಂಡೋಸ್ ಆದ್ರೆ ಕಂಪನಿ ವೆಬ್‌ಸೈಟಿಂದ ಡ್ರೈವರ್, ಅಂದ್ರೆ ಡಬ್ಬದ ಮಾತು ಕಂಪ್ಯೂಟರಿಗೆ ಅರ್ಥ ಮಾಡಿಸೋ ಸಾಫ್ಟ್‌ವೇರ್, ಇಳಿಸಿ ಹಾಕ್ಕೊಳ್ಳಿ. ಸೆಟ್ಟಿಂಗ್ಸಲ್ಲಿ ಪ್ರೈವಸಿ ಒಳಗೆ ಮೈಕ್ರೋಫೋನ್ ಅಂತ ಇದೆ, ಅಲ್ಲಿ ಆ್ಯಪ್‌ಗಳಿಗೆ ಅನುಮತಿ ಆಫ್ ಆಗಿದ್ರೂ ಮೌನವೇ ಗತಿ.

ಲ್ಯಾಪ್‌ಟಾಪ್ ಸ್ಪೀಕರ್ ಮೂಕ ಆಗಿದ್ಯಲ್ಲ, ಅದು ಒಳ್ಳೇ ಲಕ್ಷಣ ಮಾರಾಯ್ತಿ! ವಿಂಡೋಸ್ ಹೊಸ ಡಬ್ಬ ಕಂಡ ಕೂಡಲೇ ಸೌಂಡನ್ನೆಲ್ಲ ಅದಕ್ಕೇ ತಿರುಗಿಸಿಬಿಟ್ಟಿದೆ. ಹೆಡ್‌ಫೋನನ್ನ ಇಂಟರ್ಫೇಸಿಗೆ ಚುಚ್ಚಿ ಕೇಳಿ, ನಿಮ್ಮ ಹಾಡೆಲ್ಲ ಅಲ್ಲಿ ಕೂತಿರುತ್ತೆ. ಹಳೇ ಥರ ಬೇಕಂದ್ರೆ ಕೆಳಗಡೆ ಸ್ಪೀಕರ್ ಗುರುತು ಒತ್ತಿ ಔಟ್‌ಪುಟ್ ಬದಲಾಯಿಸಿ. ಎಡಗಿವಿ ಸಮಾಚಾರವೂ ಇಷ್ಟೇ: ಮೈಕು 1ನೇ ಇನ್‌ಪುಟ್ಟಲ್ಲಿದೆ, ಸಾಫ್ಟ್‌ವೇರ್ ಟ್ರ್ಯಾಕ್ ಸ್ಟೀರಿಯೋ ಇದೆ, ಹಂಗಾಗಿ 1 ಎಡಕ್ಕೆ, ಖಾಲಿ ಇರೋ 2 ಬಲಕ್ಕೆ. ಟ್ರ್ಯಾಕನ್ನ ಮೋನೋ, ಅಂದ್ರೆ ಎಡ ಬಲ ಇಲ್ಲದ ಒಂದೇ ದಾರಿ, ಮಾಡಿ, ಇನ್‌ಪುಟ್ 1 ಅಂತ ಕೊಡಿ, ದನಿ ನಡುವೆ ಬಂದು ಕೂರುತ್ತೆ.

ಕೊನೇದಾಗಿ ಉಗುರು ಪರೀಕ್ಷೆ. ರೆಕಾರ್ಡ್ ಒತ್ತೋ ಮುಂಚೆ ಮೈಕಿನ ಜಾಲರೀನ ಉಗುರಲ್ಲಿ ಮೆಲ್ಲಗೆ ಕೆರೀರಿ, ಆಮೇಲೆ ಲ್ಯಾಪ್‌ಟಾಪ್ ಕೀಬೋರ್ಡ್ ಹತ್ರ ಕೆರೀರಿ, ಎಲ್ಲಿ ಜೋರಾಗಿ ಕೇಳುತ್ತೋ ಆ ಮೈಕಲ್ಲೇ ರೆಕಾರ್ಡ್ ಆಗ್ತಿರೋದು. ಇದನ್ನ ನಾನು ಕಲಿತಿದ್ದು ಮಾನ ಕಳ್ಕೊಂಡು. ಒಂದ್ಸಲ ನೆಂಟರ ಮನೇಲಿ ಸಂಜೆಯಿಡೀ ಭಜನೆ ರೆಕಾರ್ಡ್ ಮಾಡ್ದೆ, ಎದುರಿಗೆ ಒಳ್ಳೇ ಮೈಕು, ಸ್ಟ್ಯಾಂಡು, ಎಲ್ಲಾ ಗತ್ತು ಇತ್ತು, ಮನೆಗೆ ಬಂದು ಕೇಳಿದ್ರೆ ಸಾಫ್ಟ್‌ವೇರ್ ತಗೊಂಡಿದ್ದು ಲ್ಯಾಪ್‌ಟಾಪಿನ ಪುಟಾಣಿ ಮೈಕಿಂದ. ಭಜನೆಗಿಂತ ಚೆನ್ನಾಗಿ ಲ್ಯಾಪ್‌ಟಾಪಿನ ಫ್ಯಾನ್ ಹಾಡಿತ್ತು.

ಇನ್ನು ಅಜ್ಜಿಗೆ ಹೆಡ್‌ಫೋನ್ ಹಾಕಕ್ಕೆ ಹೋಗಬೇಡಿ, ನೀವು ಹಾಕ್ಕೊಳ್ಳಿ. ಅವರು ದಿನಾ ಕೂರೋ ಜಾಗದಲ್ಲೇ ಕೂರ್ಲಿ. ಮೈಕು ಬಾಯಿಂದ ಒಂದು ಗೇಣು, ಒಂದೂವರೆ ಗೇಣು ದೂರ, ಬಾಯಿಗೆ ನೇರ ಬೇಡ, ಹುಬ್ಬಿನ ಮಟ್ಟದಿಂದ ಕೆಳಗೆ ಮುಖ ಮಾಡಿ ಇಡಿ, ಪ ಬ ಭ ಬಂದಾಗ ಉಸಿರು ಬಂದು ಮೈಕಿಗೆ ಬಡಿಯಲ್ಲ. ಸೋಬಾನೇಲಿ ಒಬ್ಬರು ಹೇಳಿ ಉಳಿದೋರು ಸೊಲ್ಲು ಎತ್ತೋದಿರುತ್ತಲ್ಲ, ಆ ಹೆಂಗಸರು ಬಂದ್ರೆ ಅವರನ್ನ ಅಜ್ಜಿ ಹಿಂದೆ, ಮೈಕಿಂದ ನಾಲ್ಕಡಿ ದೂರ ಕೂರಿಸಿ, ಒಂದೇ ಮೈಕಲ್ಲಿ ಚೆನ್ನಾಗೇ ಬರುತ್ತೆ. ಪ್ರತಿ ಹಾಡಿನ ಮುಂಚೆ ಇದು ಯಾವ ಶಾಸ್ತ್ರಕ್ಕೆ ಹೇಳೋದು, ಯಾರಿಂದ ಕಲಿತಿದ್ದು ಅಂತ ಅಜ್ಜಿ ಬಾಯಲ್ಲೇ ಹೇಳ್ಸಿ ಅದೇ ಫೈಲಲ್ಲಿ ಇಟ್ಕೊಳ್ಳಿ. ಚೀಟೀಲಿ ಬರೆದಿಟ್ರೆ ಚೀಟಿ ಎಲ್ಲೋ ಹೋಗುತ್ತೆ. ಅಜ್ಜಿ ಎಲೆ ಅಡಿಕೆ ಹಾಕೋ ಮುಂಚೆ ಇದೆಲ್ಲ ಮುಗಿಸಿ.

ಪ್ರಶ್ನೆ: ಯಕ್ಷಗಾನದ ಭಾಗವತಿಕೆ ಕಲೀತಿದೀನಿ. ಮದ್ದಲೆ ಟ್ರ್ಯಾಕ್ ಹಾಕ್ಕೊಂಡು ಅದರ ಮೇಲೆ ಪದ ಹೇಳಿ ರೆಕಾರ್ಡ್ ಮಾಡ್ಬೇಕು. ಆದ್ರೆ ಹೆಡ್‌ಫೋನಲ್ಲಿ ನನ್ನ ದನಿ ನನಗೇ ತಡವಾಗಿ ಕೇಳುತ್ತೆ, ತಾಳ ಜಾರಿ ಹೋಗುತ್ತೆ. ಹೊಸ ಲ್ಯಾಪ್‌ಟಾಪ್ ತಗೋಬೇಕಾ?
(ಓದುಗರು, ಸಾಗರ)

ಉತ್ತರ: ದುಡ್ಡು ಇಟ್ಕೊಳ್ಳಿ, ಮೇಳ ಕಟ್ಟಕ್ಕೆ ಬೇಕಾಗುತ್ತೆ. ಈ ತಡಕ್ಕೆ ಲೇಟೆನ್ಸಿ ಅಂತಾರೆ. ಕಂಪ್ಯೂಟರ್ ದನೀನ ಹನಿಹನಿಯಾಗಿ ತಗೊಳ್ಳಲ್ಲ, ಕೊಡ ತುಂಬೋ ತನಕ ಕಾದು ಒಂದು ಕೊಡ ಒಟ್ಟಿಗೆ ಎತ್ಕೊಂಡು ಹೋಗುತ್ತೆ, ಆ ಕೊಡದ ಅಳತೆಯೇ ಬಫರ್ ಸೈಜ್. 48 ಕಿಲೋಹರ್ಟ್ಸಲ್ಲಿ, ಅಂದ್ರೆ ಸೆಕೆಂಡಿಗೆ 48,000 ಹನಿ ಲೆಕ್ಕದಲ್ಲಿ, ಬಫರ್ 1024 ಹನಿ ಇದ್ರೆ ಒಂದು ಕೊಡ ತುಂಬಕ್ಕೆ 21 ಮಿಲಿಸೆಕೆಂಡ್, ಹೋಗಕ್ಕೊಂದು ಬರಕ್ಕೊಂದು ಅಂದ್ರೆ 42 ಆಯ್ತು. ಗಾಳೀಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತೆ, ಆ ಲೆಕ್ಕದಲ್ಲಿ ನಿಮ್ಮ ಮದ್ದಲೆಯವರು 14 ಮೀಟರ್ ಆಚೆ, ಪ್ರೇಕ್ಷಕರ ಹಿಂದೆಲ್ಲೋ ಕಡಲೆಕಾಯಿ ಅಂಗಡಿ ಹತ್ರ ಕೂತು ನುಡಿಸಿದಂಗೆ. ತಾಳ ಹೆಂಗೆ ಕೂಡುತ್ತೆ ಹೇಳಿ! ಬಫರ್ 128ಕ್ಕೆ ಇಳಿಸಿ, ಒಂದು ಕೊಡಕ್ಕೆ 3 ಮಿಲಿಸೆಕೆಂಡಿನ ಒಳಗೇ ಆಗುತ್ತೆ. ಚಟಪಟ ಅಂತ ಸದ್ದು ಬಂತು ಅಂದ್ರೆ ಲ್ಯಾಪ್‌ಟಾಪಿಗೆ ಅಷ್ಟು ಸಣ್ಣ ಕೊಡ ಹೊರೋ ವೇಗ ಇಲ್ಲ ಅಂತ ಅರ್ಥ, 256ಕ್ಕೆ ಬನ್ನಿ. ರೆಕಾರ್ಡಿಂಗ್ ಮುಗಿದು ಮಿಕ್ಸಿಂಗಿಗೆ ಕೂತಾಗ ಮತ್ತೆ 1024 ಮಾಡ್ಕೊಳ್ಳಿ, ಆಗ ತಡ ಆದ್ರೆ ನಷ್ಟ ಇಲ್ಲ.

ವಿಂಡೋಸಲ್ಲಿ ಸಾಫ್ಟ್‌ವೇರಿನ ಆಡಿಯೋ ಸೆಟ್ಟಿಂಗ್ಸಿಗೆ ಹೋಗಿ ಎಎಸ್‌ಐಒ ಅನ್ನೋ ಡ್ರೈವರನ್ನ ಆರಿಸ್ಬೇಕು, ಅದಿಲ್ಲದೆ ಬಫರ್ ಇಳಿಸಿದ್ರೂ ಅಷ್ಟಕ್ಕಷ್ಟೇ. ರೀಪರ್ ಅಂತ ಒಂದು ಸಾಫ್ಟ್‌ವೇರ್ ಇದೆ, 60 ದಿನ ಪೂರ್ತಿ ಪುಕ್ಕಟೆ ಬಳಸಿ ನೋಡ್ಬೋದು, ಹಳೇ ಲ್ಯಾಪ್‌ಟಾಪಲ್ಲೂ ಹಗುರವಾಗಿ ಓಡುತ್ತೆ.

ಇದೆಲ್ಲಕ್ಕಿಂತ ಸುಲಭದ್ದು ಇಂಟರ್ಫೇಸ್ ಮೇಲೇ ಇದೆ. ಡೈರೆಕ್ಟ್ ಮಾನಿಟರ್ ಅಂತ ಬಟನ್ ಹುಡುಕಿ, ಅದನ್ನ ಒತ್ತಿದ್ರೆ ನಿಮ್ಮ ದನಿ ಕಂಪ್ಯೂಟರಿಗೆ ಹೋಗಿ ಬರೋ ಮುಂಚೇನೇ ನೇರ ಹೆಡ್‌ಫೋನಿಗೆ ಬರುತ್ತೆ. ಆಗ ಸಾಫ್ಟ್‌ವೇರಲ್ಲಿ ಆ ಟ್ರ್ಯಾಕಿನ ಮಾನಿಟರಿಂಗ್ ಆಫ್ ಮಾಡೋದು ಮರೀಬೇಡಿ, ಇಲ್ಲಾಂದ್ರೆ ಎರಡೆರಡು ದನಿ ಕೇಳುತ್ತೆ. ಬ್ಲೂಟೂತ್ ಹೆಡ್‌ಫೋನ್ ಹಾಕ್ಕೊಂಡು ಈ ಪ್ರಶ್ನೆ ಕೇಳಿದ್ರೆ ಮಾತ್ರ ನಾನು ಎದ್ದು ಹೋಗ್ತೀನಿ. ತಂತಿ ಇರೋದೇ ಬೇಕು, ಕಿವಿ ಪೂರ್ತಿ ಮುಚ್ಚೋ ಥರದ್ದು, ಇಲ್ಲಾಂದ್ರೆ ಮದ್ದಲೆ ಹೆಡ್‌ಫೋನಿಂದ ಸೋರಿ ನಿಮ್ಮ ಮೈಕೊಳಗೆ ಹೋಗುತ್ತೆ. ಶ್ರುತಿಗೂ ಅದೇ ಮಾತು, ಶ್ರುತಿಪೆಟ್ಟಿಗೆ ಎದುರಿಗೆ ಇಟ್ಕೊಳ್ಳದೆ ಹೆಡ್‌ಫೋನಲ್ಲೇ ಕೇಳಿಸ್ಕೊಳ್ಳಿ.

ಪ್ರಶ್ನೆ: ನಮ್ಮದು ಹೆಂಚಿನ ಮನೆ, ಪಕ್ಕದ ಕೊಟ್ಟಿಗೆಗೆ ತಗಡು. ಜೂನಿಂದ ಸೆಪ್ಟೆಂಬರ್ ತನಕ ರೆಕಾರ್ಡಿಂಗ್ ಅನ್ನೋದೇ ಸಾಧ್ಯ ಇಲ್ಲ. ಫೋಮ್ ಹಾಕಿಸಿದ್ರೆ ಮಳೆ ಶಬ್ದ ನಿಲ್ಲುತ್ತಾ? ಮೈಕು ಮಳೆಗಾಲದಲ್ಲಿ ಚರಚರ ಅನ್ನುತ್ತೆ, ಅದಕ್ಕೇನು?
(ಓದುಗರು, ಹೊಸನಗರ ತಾಲ್ಲೂಕು)

ಉತ್ತರ: ನಿಲ್ಲಲ್ಲ. ಫೋಮ್ ಕೆಲಸ ಕೋಣೆ ಒಳಗಿನ ಗುಂಯ್‌ಗುಡೋದನ್ನ ಕಮ್ಮಿ ಮಾಡೋದು, ಹೊರಗಿನ ಶಬ್ದ ತಡೆಯೋದು ಅದರ ಕೈಲಾಗಲ್ಲ, ಅದಕ್ಕೆ ಭಾರದ ಗೋಡೆ ಬೇಕು, ಸಂದಿ ಮುಚ್ಚಬೇಕು. ಮೊಟ್ಟೆ ಟ್ರೇ ಅಂತೂ ಎರಡಕ್ಕೂ ಆಗಲ್ಲ, ಯಾರು ಹೇಳಿದ್ರೂ ನಂಬಬೇಡಿ. ನಿಮ್ಮ ಹಳೇ ಮನೇಲಿ ಮುಚ್ಚಿಗೆ ಇರೋ ಕೋಣೆ ಒಂದಾದ್ರೂ ಇರುತ್ತಲ್ಲ, ಮರದ ಹಲಗೆ, ಅದರ ಮೇಲೆ ಮಣ್ಣು, ಅದರ ಮೇಲೆ ಅಟ್ಟ, ಆಮೇಲೆ ಹೆಂಚು. ಹಿರಿಯರು ಸ್ಟುಡಿಯೋ ಕಟ್ಟಿಸಿಟ್ಟು ಹೋಗಿದಾರೆ, ನೀವು ಅಲ್ಲಿ ಸಾಮಾನು ತುಂಬಿದೀರಿ. ಆ ಕೋಣೇಲಿ ಹಾಡೋರ ಬೆನ್ನ ಹಿಂದೆ ಎರಡು ದಪ್ಪ ಕಂಬಳಿ ಇಳಿಬಿಡಿ, ಒಂದು ಹತ್ತಿ ಹಾಸಿಗೆ ಗೋಡೆಗೆ ಒರಗಿಸಿ. ಮೈಕು ಹಾಡೋರ ಕಡೆಗೇ ಮುಖ ಮಾಡಿರುತ್ತೆ, ಹಂಗಾಗಿ ಅವರ ಹಿಂದಿನ ಗೋಡೆಯಿಂದ ವಾಪಸ್ ಬರೋ ದನೀನೇ ಅದಕ್ಕೆ ಜಾಸ್ತಿ ಸಿಗೋದು, ಮೊದಲು ಆ ಗೋಡೆ ನೋಡ್ಕೊಳ್ಳಿ. ಮತ್ತೆ ಮೈಕಿಗೆ ಹತ್ರ ಬನ್ನಿ, ದೂರ ಅರ್ಧ ಆದ್ರೆ ದನಿ 6 ಡೆಸಿಬೆಲ್ ಹೆಚ್ಚುತ್ತೆ, ಮಳೆ ಇದ್ದಷ್ಟೇ ಇರುತ್ತೆ, ಅಂದ್ರೆ ಗೇನ್ ಅಷ್ಟು ಇಳಿಸ್ಬೋದು. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಸುರಿಯೋ ಮಳೆಗೆ ಇದೆಲ್ಲ ಲೆಕ್ಕವೇ ಅಲ್ಲ, ಆಷಾಢದಲ್ಲಿ ಮಾತ್ರ ಬಿಡುವಿಗೆ ಕಾಯೋದೇ ದಾರಿ. ಮಳೆ ಬಿಟ್ಟ ಮೇಲೆ ಜೀರುಂಡೆ, ಕಪ್ಪೆ ಶುರು ಆಗುತ್ತೆ, ಅದನ್ನ ನಾನು ತೆಗೆಯಲ್ಲ, ನನಗೆ ಅದು ಇಷ್ಟ.

ಚರಚರ ಅನ್ನೋದು ತೇವ. ಕಂಡೆನ್ಸರ್ ಮೈಕಿನ ಒಳಗೆ ತೆಳ್ಳನೆ ಪೊರೆ, ಅದರ ಹಿಂದೆ ಕೂದಲೆಳೆ ಜಾಗ ಬಿಟ್ಟು ಒಂದು ತಟ್ಟೆ, ಅಲ್ಲಿ ತೇವ ಸೇರಿದ್ರೆ ಚಾರ್ಜ್ ಸೋರುತ್ತೆ. ನಿಮ್ಮಮ್ಮ ಹಪ್ಪಳ ಸಂಡಿಗೆ ಹೆಂಗೆ ಇಡ್ತಾರೋ ಹಂಗೇ ಇಡಿ, ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಪೊಟ್ಟಣ ಎರಡು ಮೂರು ವಾರಕ್ಕೊಮ್ಮೆ ಬದಲು ಮಾಡಿ. ಬಚ್ಚಲ ಒಲೆ ಮೇಲೆ ಇಟ್ಟು ಒಣಗಿಸ್ತೀನಿ ಅಂತ ಮಾತ್ರ ಹೊರಡಬೇಡಿ, ಹೊಗೆಗೆ ಹಾಳಾಗುತ್ತೆ. ಮಳೆಗಾಲಕ್ಕೆ ಅಂತಾನೇ ಒಂದು ಡೈನಮಿಕ್ ಮೈಕು ಇಟ್ಕೊಂಡ್ರೆ ಒಳ್ಳೇದು, ಅದಕ್ಕೆ ತೇವದ ಚಿಂತೆ ಕಮ್ಮಿ, ಗೇನ್ ಮಾತ್ರ ಜಾಸ್ತಿ ಬೇಕು. ಏಪ್ರಿಲ್ ಮೇ ಅಡ್ಡಮಳೆಗೆ ಗುಡುಗು ಕೇಳಿದ ತಕ್ಷಣ ಚಾರ್ಜರ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ, ಸಿಡಿಲು ಸ್ವಿಚ್ ನೋಡ್ಕೊಂಡು ಬರಲ್ಲ.

ಪ್ರಶ್ನೆ: ನಾವು ಗಮಕ ಮಾಡೋರು, ಒಬ್ಬರು ವಾಚನ, ಒಬ್ಬರು ವ್ಯಾಖ್ಯಾನ. ಇಬ್ಬರಿಗೂ ಬೇರೆ ಬೇರೆ ಮೈಕು ಇಟ್ರೆ ದನಿ ಬಾವಿಯೊಳಗಿಂದ ಬಂದಂಗೆ ಆಗುತ್ತೆ.
(ಓದುಗರು, ಹೊಸಹಳ್ಳಿ ಹತ್ತಿರ)

ಉತ್ತರ: 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಕೇಶವಮೂರ್ತಿಗಳ ಊರಿನ ಕಡೆಯೋರು ನನ್ನನ್ನ ಗಮಕದ ಬಗ್ಗೆ ಕೇಳೋದು ಅಂದ್ರೆ ಹೆದರಿಕೆ, ಪುಣ್ಯಕ್ಕೆ ಇದು ಮೈಕಿನ ಪ್ರಶ್ನೆ. ವಾಚನದ ದನಿ ಎರಡೂ ಮೈಕಿಗೆ ಬೀಳ್ತಿದೆ, ಒಂದಕ್ಕೆ ಬೇಗ, ಇನ್ನೊಂದಕ್ಕೆ ಚೂರು ತಡ, ಎರಡು ಕೂಡಿದಾಗ ಕೆಲವು ಸ್ವರ ಒಂದನ್ನೊಂದು ತಿಂದುಹಾಕುತ್ತೆ. ಬಾಯಿಂದ ಮೈಕಿಗೆ ಒಂದು ಗೇಣಿದ್ರೆ ಮೈಕಿಂದ ಮೈಕಿಗೆ ಕನಿಷ್ಠ ಮೂರು ಗೇಣು ಇಡಿ. ಇಬ್ಬರೂ ಅಕ್ಕಪಕ್ಕ ಕೂರೋ ಬದಲು ಎದುರುಬದುರು ಕೂತ್ರೆ ಇನ್ನೂ ಚೆಂದ, ಯಾಕಂದ್ರೆ ಕಾರ್ಡಿಯಾಯ್ಡ್, ಅಂದ್ರೆ ಎದುರಿನ ದನೀನೇ ಜಾಸ್ತಿ ಹಿಡಿಯೋ ಥರದ ಮೈಕಿಗೆ ಬೆನ್ನ ಹಿಂದಿನ ದನಿ ತುಂಬಾ ಕಮ್ಮಿ ಕೇಳೋದು. ಎರಡನ್ನೂ ಬೇರೆ ಬೇರೆ ಮೋನೋ ಟ್ರ್ಯಾಕಲ್ಲಿ ತಗೊಳ್ಳಿ, ಒಬ್ಬರು ಸುಮ್ಮನಿರೋ ಹೊತ್ತಲ್ಲಿ ಅವರ ಟ್ರ್ಯಾಕ್ ಇಳಿಸ್ಬೋದು. ಎರಡು ಮೈಕು ಬೇಕು ಅಂದ್ಮೇಲೆ ಇಂಟರ್ಫೇಸ್ ತಗೊಳ್ಳುವಾಗ್ಲೇ ನೋಡಿ ತಗೋಬೇಕು. ಉದಾಹರಣೆಗೆ ಫೋಕಸ್‌ರೈಟ್ ಕಂಪನಿಯ ಇಂಟರ್ಫೇಸಲ್ಲಿ ಸ್ಕಾರ್ಲೆಟ್ ಸೋಲೋ ಅನ್ನೋದಕ್ಕೆ ಮೈಕಿನ ಜಾಗ ಒಂದೇ, 2ಐ2 ಅನ್ನೋದಕ್ಕೆ ಎರಡು. ನೋಡಕ್ಕೆ ಎರಡೂ ಅಣ್ಣತಮ್ಮ, ತಪ್ಪು ತಂದು ಕೂತೋರು ಸುಮಾರು ಜನ.

ಪ್ರಶ್ನೆ: ಸಾರ್, ಮೈಕ್ ಗೇನ್ ಏರಿಸಿದ್ರೆ ಗುಂಯ್ ಅಂತ ಒಂದೇ ಸಮ ಶಬ್ದ. ಮೂರು ಕೇಬಲ್ ಬದಲಾಯಿಸ್ದೆ, ಹೋಗ್ಲಿಲ್ಲ.
(ಓದುಗರು, ವಿನೋಬನಗರ, ಶಿವಮೊಗ್ಗ)

ಉತ್ತರ: ನಾಲ್ಕನೇದು ತರಬೇಡಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ ನೋಡಿ. ಶಬ್ದ ನಿಂತ್ರೆ ಕಳ್ಳ ಸಿಕ್ಕ, ಗೋಡೆ ಕರೆಂಟಿನ 50 ಹರ್ಟ್ಸ್ ಚಾರ್ಜರ್ ಮೂಲಕ ಒಳಗೆ ಬರ್ತಿದೆ. ರೆಕಾರ್ಡ್ ಮಾಡೋವಷ್ಟು ಹೊತ್ತು ಬ್ಯಾಟರಿ ಮೇಲೆ ಮಾಡಿ, ಖರ್ಚಿಲ್ಲದ ಮದ್ದು. ಸ್ಪೀಕರ್, ಲ್ಯಾಪ್‌ಟಾಪ್ ಎಲ್ಲ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಮನೆ ಅರ್ಥಿಂಗ್ ಸರಿ ಇದ್ಯಾ ಅಂತ ಎಲೆಕ್ಟ್ರಿಷಿಯನ್ ಹತ್ರ ನೋಡಿಸಿ, ಇದ್ದಿಲು ಉಪ್ಪು ಹಾಕಿರೋ ಅರ್ಥ್ ಗುಂಡಿ ಬೇಸಿಗೇಲಿ ಒಣಗಿ ಬಿರುಕು ಬಿಟ್ಟಿರುತ್ತೆ, ಎರಡು ಕೊಡ ನೀರು ಹೊಯ್ದ್ರೆ ಎಷ್ಟೋ ಸಲ ಸರಿ ಹೋಗುತ್ತೆ. ಅರ್ಥ್ ಪಿನ್ ಮುರಿದು ಹಾಕಿದ್ರೆ ಶಬ್ದ ಹೋಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಅವರನ್ನ ಮನೆಗೆ ಸೇರಿಸಬೇಡಿ, ಅದು ಜೀವದ ಪ್ರಶ್ನೆ. ಬ್ಯಾಟರಿ ಮೇಲೂ ಶಬ್ದ ಇದ್ರೆ ಫ್ಯಾನ್ ರೆಗ್ಯುಲೇಟರ್, ಇನ್ವರ್ಟರ್, ಮೈಕ್ ಕೇಬಲ್ ಪಕ್ಕ ಹಾದಿರೋ ಕರೆಂಟ್ ವೈರು ಒಂದೊಂದೇ ಆಫ್ ಮಾಡ್ತಾ, ಸರಿಸ್ತಾ ಬನ್ನಿ.

ಪ್ರಶ್ನೆ: 192 ಕಿಲೋಹರ್ಟ್ಸಲ್ಲಿ ರೆಕಾರ್ಡ್ ಮಾಡಿದ್ರೆ ಕ್ವಾಲಿಟಿ ನಾಲ್ಕು ಪಟ್ಟು ಅಂತಾರೆ, ನಿಜವಾ?
(ಓದುಗರು, ಕೊಪ್ಪ)

ಉತ್ತರ: ಫೈಲು ನಾಲ್ಕು ಪಟ್ಟು. ಮನುಷ್ಯರ ಕಿವಿ ಹೆಚ್ಚಂದ್ರೆ 20 ಕಿಲೋಹರ್ಟ್ಸ್ ತನಕ, ನನ್ನ ವಯಸ್ಸಿಗೆ ಅದೂ ಇಲ್ಲ. 48ರಲ್ಲಿ ಮಾಡಿದ್ರೆ ಅದರ ಅರ್ಧ, 24 ಕಿಲೋಹರ್ಟ್ಸ್ ತನಕದ ದನಿ ಹಿಡಿಯುತ್ತೆ, 24 ಬಿಟ್ ಮೋನೋ ಒಂದು ನಿಮಿಷಕ್ಕೆ ಸುಮಾರು 8.6 ಎಂಬಿ. 192ರಲ್ಲಿ ನಿಮಿಷಕ್ಕೆ 34 ಎಂಬಿ ದಾಟುತ್ತೆ, ಬಾವಲಿಗೆ ಕೇಳಿಸ್ಬೇಕು ಅಂತಿದ್ರೆ ಮಾಡಿ. ಉಳಿದ ಜಾಗದಲ್ಲಿ ಇನ್ನೊಂದು ಹಾರ್ಡ್ ಡಿಸ್ಕಿಗೆ ಕಾಪಿ ಇಟ್ಕೊಳ್ಳಿ.

ಪ್ರಶ್ನೆ: ಇಷ್ಟೆಲ್ಲ ಬೇಡ, ಫೋನಲ್ಲೇ ಆಗಲ್ವಾ?
(ಓದುಗರು, ಭದ್ರಾವತಿ)

ಉತ್ತರ: ಆಗುತ್ತೆ. ಕಂಬಳಿ ಕಟ್ಟಿದ ಕೋಣೇಲಿ ಒಂದು ಗೇಣು ದೂರದಲ್ಲಿಟ್ಟ ಫೋನು, ಖಾಲಿ ಹಾಲಲ್ಲಿ ಆರಡಿ ದೂರ ಇಟ್ಟ ದುಬಾರಿ ಮೈಕಿಗಿಂತ ಎಷ್ಟೋ ವಾಸಿ. ಆರು ತಿಂಗಳು ಹಂಗೇ ಮಾಡಿ, ಆಮೇಲೂ ಡಬ್ಬ ಬೇಕು ಅನಿಸಿದ್ರೆ ತಗೊಳ್ಳಿ, ಅಷ್ಟರಲ್ಲಿ ನಿಮಗೆ ಒಂದು ಮೈಕು ಬೇಕಾ ಎರಡು ಬೇಕಾ ಅನ್ನೋದೂ ಗೊತ್ತಾಗಿರುತ್ತೆ. ಫೋನನ್ನ ಕೈಲಿ ಹಿಡೀಬೇಡಿ, ಮಡಚಿದ ಟವೆಲ್ ಮೇಲಿಡಿ, ಮೈಕಿನ ತೂತು ಬಾಯಿ ಕಡೆ ಇರ್ಲಿ. ಏರೋಪ್ಲೇನ್ ಮೋಡ್ ಹಾಕೋದು ಮರೀಬೇಡಿ, ನೆಂಟರ ಫೋನು ಬರೋದು ಸರಿಯಾಗಿ ಚರಣದ ನಡುವೆಯೇ.